ಅಪ್‌ಡೇಟ್: ಮಿನಿ ಡಂಪರ್ ಟ್ರ್ಯಾಕ್ ಕೊನೆಗೂ ಬದಲಾಯಿಸಿದೆ

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಗೊಬ್ಬರ ಸಾಗಿಸುವ ಮಿನಿ ಡಂಪರ್‌ನ ರಬ್ಬರ್ ಟ್ರ್ಯಾಕ್ (ಟೈರ್ ಬದಲು ಚಕ್ರಗಳ ಸುತ್ತ ಇರುವ ಪಟ್ಟಿ) ಏರಿನಲ್ಲಿ ಪದೇ ಪದೇ ಕಳಚಿಕೊಳ್ಳುತ್ತದೆ, ಟೈಟ್ ಮಾಡಿದರೆ ಸಾಕಾ ಅಂತ ಕೇಳಿದ್ದೆ ಅಲ್ವಾ. ಸಾಕಾಗಲಿಲ್ಲ. ಬಿಚ್ಚಿ ನೋಡಿದರೆ ಒಳಗಡೆ ರಬ್ಬರ್ ಸೀಳಿ ಉಕ್ಕಿನ ತಂತಿ ಇಣುಕುತ್ತಿತ್ತು, ತುಕ್ಕು ಬೇರೆ.

ಹೊಸದು ತರುವಾಗ ಸೈಜ್ ಪೂರ್ತಿ ಹೇಳಿ. ನನ್ನದು 180×72×37. ಅಂದರೆ ಅಗಲ 180 ಮಿ.ಮೀ., ಲಿಂಕ್‌ನಿಂದ ಲಿಂಕ್‌ಗೆ (ಪಟ್ಟಿಯ ಒಂದೊಂದು ಕೊಂಡಿ) 72 ಮಿ.ಮೀ., ಒಟ್ಟು 37 ಲಿಂಕ್. ನಾನು ಸುಮ್ನೆ ಅಗಲ ಮಾತ್ರ ಹೇಳಿ ಒಂದು ಸಲ ತಪ್ಪು ಟ್ರ್ಯಾಕ್ ತರಿಸಿಕೊಂಡೆ, ವಾಪಸ್ ಕಳಿಸುವ ಖರ್ಚು ದಂಡ.

ಸ್ಪ್ರಾಕೆಟ್, ಅಂದರೆ ಟ್ರ್ಯಾಕ್ ತಿರುಗಿಸುವ ಹಲ್ಲಿನ ಚಕ್ರ, ಅದರ ಹಲ್ಲು ಕೊಕ್ಕೆಯ ಹಾಗೆ ಸವೆದಿತ್ತು, ಅದನ್ನೂ ಬದಲಾಯಿಸಿದೆ, ಇಲ್ಲದಿದ್ದರೆ ಹೊಸ ಟ್ರ್ಯಾಕನ್ನೂ ಅದೇ ತಿಂದುಹಾಕುತ್ತದೆ. ಹಿಂಭಾಗದ ಒಂದು ರೋಲರ್ (ಟ್ರ್ಯಾಕ್ ಒಳಗೆ ಕೆಳಗಡೆ ಉರುಳುವ ಸಣ್ಣ ಚಕ್ರ) ಕೈಯಲ್ಲಿ ತಿರುಗಿಸಿದರೆ ಗರಗರ ಅನ್ನುತ್ತಿತ್ತು. ಸೀಲ್ ಹೋಗಿ ಬೇರಿಂಗ್ ಒಳಗೆಲ್ಲ ಕೆಂಪು ಕೆಸರು!

ಟ್ರ್ಯಾಕ್ ಬಿಗಿ ಮಾಡುವ ಟೆನ್ಷನ್ ಬೋಲ್ಟ್ ಪೂರ್ತಿ ಸಡಿಲಿಸಿ, ಹೊಸ ಟ್ರ್ಯಾಕನ್ನು ಮೊದಲು ಸ್ಪ್ರಾಕೆಟ್ ಮೇಲೆ ಕೂರಿಸಿ, ಆಮೇಲೆ ಹಾರೆ ಕೊಟ್ಟು ಐಡ್ಲರ್ (ಇನ್ನೊಂದು ತುದಿಯ ಚಕ್ರ) ಮೇಲೆ ಏರಿಸಿದೆವು. ಇಬ್ಬರಿಗೆ ಮೂರು ಗಂಟೆ. ಜಾಸ್ತಿ ಬಿಗಿ ಮಾಡಬೇಡಿ, ಬೇರಿಂಗ್ ಹೋಗುತ್ತದೆ. ಈಗ ಸಂಜೆ ಕೆಲಸ ಮುಗಿದ ಕೂಡಲೇ ಪೈಪ್ ಹಿಡಿದು ಕೆಸರು ತೊಳೆಯುತ್ತೇನೆ.

ನಿನ್ನೆ 8 ಮೂಟೆ ಹೇರಿಕೊಂಡು ಅದೇ ಏರು ಹತ್ತಿತು, ಕಳಚಲಿಲ್ಲ.