ಹಿತ್ತಲಿಗೆ ಪಾರಿವಾಳ ಬಿಟ್ರೆ ಬೇರೆ ಹಕ್ಕಿನೇ ಬರ್ತಿಲ್ಲ, ಏನ್ ಮಾಡ್ಲಿ?

ಪಿಳಿಪಿಳಿಕಣ್ಣು:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಹಿತ್ತಲಲ್ಲಿ ತಟ್ಟೆ ಇಟ್ಟು ದಿನಾ ಬೆಳಿಗ್ಗೆ ಕಾಳು ಹಾಕ್ತಿದೀನಿ, ಮೊದಲು ಎರಡು ಪಾರಿವಾಳ ಬಂದ್ವು ಖುಷಿ ಆಯ್ತು, ಈಗ ಇಪ್ಪತ್ತು ಬರ್ತವೆ, ಅವು ಬಿಟ್ರೆ ಎರಡು ಕಾಗೆ ಅಷ್ಟೇ. ಪಿಕಳಾರ, ಸೂರಕ್ಕಿ ಎಲ್ಲ ರಸ್ತೆ ಆಚೆ ಮರದಲ್ಲಿ ಕಾಣ್ತವೆ, ನಮ್ಮ ಕಡೆ ತಿರುಗೂ ನೋಡಲ್ಲ. ಜಾಗ ಏನ್ ಕಮ್ಮಿ ಇಲ್ಲ, ಹುಲ್ಲು ನೀಟಾಗಿ ಕಟ್ ಮಾಡ್ಸಿದೀನಿ, ಒಂದು ತರಗೆಲೆ ಬಿದ್ದಿರಲ್ಲ, ಗುಲಾಬಿ ಗಿಡಕ್ಕೆ ಹುಳ ಬೀಳ್ಬಾರ್ದು ಅಂತ ಔಷಧಿನೂ ಹೊಡೀತೀನಿ. ಕಾಳು ಬದಲಾಯಿಸ್ಬೇಕಾ, ಒಳ್ಳೆ ಫೀಡರ್ ತಗೋಬೇಕಾ?

ಹಿತ್ತಲಗಿಡ:
ಬೇಜಾರ್ ಮಾಡ್ಕೋಬೇಡಿ, ತರಗೆಲೆ ಇಲ್ಲ ಹುಳ ಇಲ್ಲ ಅಂತ ನೀವೇ ಬರೆದಿದೀರಲ್ಲ, ಮತ್ತೆ ಬಂದ ಹಕ್ಕಿ ತಿನ್ನೋದೇನು? ಕಾಳು ತಿನ್ನೋದು ಪಾರಿವಾಳ, ಗುಬ್ಬಚ್ಚಿ, ರಾಟವಾಳ ಇಂಥವು ಮಾತ್ರ. ಮಡಿವಾಳ ಹಕ್ಕಿಗೆ ಹುಳ ಬೇಕು, ಪಿಕಳಾರಕ್ಕೆ ಹಣ್ಣೂ ಬೇಕು ಹುಳಾನೂ ಬೇಕು, ಸೂರಕ್ಕಿ ಮಕರಂದದ ಜೊತೆ ಜೇಡಾನೂ ಹಿಡಿಯುತ್ತೆ. ಅಷ್ಟ್ಯಾಕೆ, ಕಾಳು ತಿನ್ನೋ ಗುಬ್ಬಚ್ಚಿ ಕೂಡ ಮರಿಗಳಿಗೆ ತಂದು ಕೊಡೋದು ಹೆಚ್ಚಾಗಿ ಹುಳಾನೇ, ಅದಕ್ಕೇ ಮೊದಲು ಆ ಔಷಧಿ ನಿಲ್ಸಿ. ಬೇಲಿ ಪಕ್ಕ ಒಂದು ಮೂಲೆ ಹಾಗೇ ಬಿಡಿ, ಬಿದ್ದ ಎಲೆ ಅಲ್ಲೇ ಕೊಳೀಲಿ, ಒಂದು ಪೊದೆ ಬೆಳೀಲಿ. ದಾಸವಾಳ ಹಾಕಿ, ಜಾಗ ಇದ್ರೆ ಗಸಗಸೆ ಹಣ್ಣಿನ ಗಿಡಾನೂ ಹಾಕಿ, ಅದು ಬೇಗ ಮರ ಆಗುತ್ತೆ, ಹಣ್ಣು ಬಿಟ್ಟ ಮೇಲೆ ನೀವು ಯಾರನ್ನೂ ಕರೆಯೋದೇ ಬೇಡ. ಜೇಡರ ಬಲೆ ಕಂಡ ಕೂಡ್ಲೇ ಪೊರಕೆ ತರ್ಬೇಡಿ, ಸೂರಕ್ಕಿ ಗೂಡು ಕಟ್ಟೋದಕ್ಕೆ ಅದನ್ನೇ ಎಳ್ಕೊಂಡು ಹೋಗೋದು (ಮನೆಯವರಿಗೆ ಇದನ್ನ ಒಪ್ಸೋದೇ ದೊಡ್ಡ ಕೆಲಸ, ನನ್ನ ಕೈಲಿ ಇನ್ನೂ ಆಗಿಲ್ಲ).

ಬೈನಾಕ್ಯುಲರ್ ಅಜ್ಜ:
ಗಿಡ ಬೆಳೆಯೋಕೆ ಟೈಮ್ ಬೇಕು, ನೀರು ಇವತ್ತೇ ಇಡಬಹುದು. ಕಾಳಿಗೆ ಬರದ ಹಕ್ಕಿನೂ ನೀರಿಗೆ ಬರುತ್ತೆ, ನನ್ನ ಅನುಭವದಲ್ಲಿ ಫೀಡರ್‌ಗಿಂತ ನೀರಿನ ತಟ್ಟೆನೇ ಮೇಲು. ಆದ್ರೆ ಬಕೆಟ್ ಇಡ್ಬೇಡಿ, ಅಗಲವಾದ ಮಣ್ಣಿನ ತಟ್ಟೆ ಇರಲಿ, ಅಂಚಲ್ಲಿ 2 ಸೆಂಟಿಮೀಟರ್, ಮಧ್ಯದಲ್ಲಿ 5 ಸೆಂಟಿಮೀಟರ್ ಆಳ ಸಾಕು. ತಳ ನುಣುಪಾಗಿದ್ರೆ ಕಾಲು ಜಾರುತ್ತೆ ಅಂತ ಅವು ಇಳಿಯಲ್ಲ, ಒಂದೆರಡು ಕಲ್ಲು ಇಡಿ. ಮೇಲೆ ಒಂದು ಬಾಟಲಿಗೆ ಸಣ್ಣ ತೂತು ಮಾಡಿ ತೊಟ್ ತೊಟ್ ಅಂತ ಹನಿ ಬೀಳೋ ಹಾಗೆ ನೇತು ಹಾಕಿದ್ರಂತೂ ಆ ಸದ್ದಿಗೇ ಬರ್ತವೆ. ನೀರು ದಿನಾ, ಆಗದಿದ್ರೆ ಎರಡು ದಿನಕ್ಕೊಮ್ಮೆ ಬದಲಾಯಿಸಿ, ಇಲ್ಲಾಂದ್ರೆ ಒಂದೇ ವಾರದಲ್ಲಿ ಸೊಳ್ಳೆ ಸಾಕಿದ ಹಾಗೆ ಆಗುತ್ತೆ. ಪೊದೆಯಿಂದ ಎರಡು ಮೂರು ಮೀಟರ್ ದೂರ ಇರಲಿ, ತೀರಾ ಪಕ್ಕದಲ್ಲಿಟ್ರೆ ಬೆಕ್ಕು ಹೊಂಚು ಹಾಕುತ್ತೆ, ತೀರಾ ಬಯಲಲ್ಲಿಟ್ರೆ ಹಾರಿ ಅಡಗೋಕೆ ಜಾಗ ಇರಲ್ಲ.

ಕಾಳುಕಡ್ಡಿ:
ಪಾರಿವಾಳದ ವಿಷಯ ಯಾರೂ ಹೇಳ್ಲಿಲ್ಲ. ಕಾಳಿನ ತಟ್ಟೆ ತೆಗೀರಿ ಸಾರ್, ಅದು ಅವಕ್ಕೇ ಹೇಳಿ ಮಾಡ್ಸಿದ್ದು. ಸುಮಾರು 4 ಸೆಂಟಿಮೀಟರ್ ಕಣ್ಣಿನ ಜಾಲರಿ ಒಳಗೆ ನವಣೆ ಇಟ್ಟು ನೇತು ಹಾಕಿ, ಗುಬ್ಬಚ್ಚಿ ರಾಟವಾಳ ನುಸೀತವೆ, ಪಾರಿವಾಳಕ್ಕೆ ಆಗಲ್ಲ. ಒಂದು ದಿನದಲ್ಲಿ ಖಾಲಿ ಆಗೋಷ್ಟೇ ಹಾಕಿ. ಬ್ರೆಡ್ಡು, ಉಪ್ಪಿರೋ ತಿಂಡಿ ಬೇಡ. ವಾರ ಎರಡು ವಾರಕ್ಕೊಮ್ಮೆ ಫೀಡರ್ ತೊಳೆದು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಹಾಕಿ ಅದ್ದಿ, ಚೆನ್ನಾಗಿ ಒಣಗ್ಸಿ, ಒಂದೇ ಕಡೆ ಗುಂಪು ಸೇರಿದ್ರೆ ಕಾಯಿಲೆ ಒಂದರಿಂದ ಒಂದಕ್ಕೆ ಹರಡುತ್ತೆ. ಆಮೇಲೆ ಕಿಟಕಿ ಗಾಜು ನೋಡ್ಕೊಳ್ಳಿ, ಅದರಲ್ಲಿ ಆಕಾಶ ಕಾಣುತ್ತೆ ಅಂತ ಹಾರಿ ಬಂದು ಹೊಡ್ಕೋತವೆ, ನಮ್ಮನೇಲಿ ಒಂದು ಸತ್ತೇ ಹೋಯ್ತು, ಆಮೇಲೆ ಹೊರಗಡೆಯಿಂದ 5 ಸೆಂಟಿಮೀಟರ್‌ಗೊಂದು ಚುಕ್ಕಿ ಅಂಟಿಸ್ದೆ. ಒಂದೇ ಒಂದು ಸ್ಟಿಕ್ಕರ್ ಅಂಟಿಸಿದ್ರೆ ಏನೂ ಉಪಯೋಗ ಇಲ್ಲ.

ಪಿಳಿಪಿಳಿಕಣ್ಣು:
ಎರಡು ತಿಂಗಳಾದ ಮೇಲೆ ಬರೀತಿದೀನಿ. ತಟ್ಟೆ ತೆಗೆದೆ, ಮೊದಲ ವಾರ ಪಾರಿವಾಳ ಎಲ್ಲ ಗೋಡೆ ಮೇಲೆ ಕೂತು ನನ್ನೇ ಗುರಾಯಿಸ್ತಿದ್ವು, ಆಮೇಲೆ ಕಮ್ಮಿ ಆದ್ವು. ಗುಬ್ಬಚ್ಚಿ ಇನ್ನೂ ಇಲ್ಲ. ಆದ್ರೆ ನೀರಿಗೆ ಜೋಡಿ ಪಿಕಳಾರ ದಿನಾ ಮಧ್ಯಾಹ್ನ ಬರ್ತವೆ, ಸ್ನಾನ ಮಾಡಿ ಅರ್ಧ ನೀರು ಹೊರಗೆ ಚೆಲ್ತವೆ. ಇನ್ನೊಂದು ಯಾವುದೋ ಗೊತ್ತಾಗ್ತಿಲ್ಲ, ಹೆಬ್ಬೆರಳಷ್ಟು ಇದೆ, ಬೆನ್ನು ಹಸಿರು, ನೆತ್ತಿ ತುಕ್ಕಿನ ಬಣ್ಣ, ಬಾಲ ಮೇಲೆತ್ಕೊಂಡು ಬಿಟ್ಟಿರೋ ಮೂಲೆಯಲ್ಲೇ ಓಡಾಡುತ್ತೆ, ಗಾತ್ರಕ್ಕೂ ಗಂಟಲಿಗೂ ಸಂಬಂಧನೇ ಇಲ್ಲ, ಅಷ್ಟು ಜೋರು.

ಬೈನಾಕ್ಯುಲರ್ ಅಜ್ಜ:
ಟುವ್ವಿ ಹಕ್ಕಿ ಅದು, ಸಿಂಪಿಗ ಅಂತಾನೂ ಅಂತಾರೆ. ಎಲೆ ಹೊಲಿದು ಗೂಡು ಮಾಡುತ್ತೆ. ಆ ಮೂಲೇಲಿ ಅಗಲ ಎಲೆ ಗಿಡ ಇದ್ರೆ ಸದ್ಯಕ್ಕೆ ಕತ್ತರಿ ಹಾಕ್ಬೇಡಿ, ಹತ್ತಿರ ಹೋಗಿ ಎಲೆ ಬಿಡಿಸಿ ನೋಡೋಕೂ ಹೋಗ್ಬೇಡಿ.