ಸ್ಕೋನ್ ಉಬ್ಬುತ್ತಿಲ್ಲ, ಒಂದು ಪಕ್ಕಕ್ಕೆ ವಾಲುತ್ತಿದೆ. ಏನು ಮಾಡಲಿ?

ಪ್ರಶ್ನೆ:
ನಾವಿರುವುದು ಇಂಗ್ಲೆಂಡಿನ ಡೆವನ್‌ನಲ್ಲಿ. ಪಕ್ಕದ ಮನೆಯ ಹಿರಿಯರು ನಮಗೆ ಎಷ್ಟೋ ಸಲ ಸ್ಕೋನ್ (ಟೀ ಜೊತೆ ತಿನ್ನುವ, ಓವನ್‌ನಲ್ಲಿ ಬೇಯಿಸಿದ ಪುಟ್ಟ ಮೆತ್ತನೆಯ ತಿಂಡಿ) ಮಾಡಿ ಕೊಟ್ಟಿದ್ದಾರೆ. ಈ ಭಾನುವಾರ ಅವರನ್ನು ಟೀಗೆ ಕರೆದಿದ್ದೇನೆ, ನಾನೇ ಮಾಡಿ ಬಡಿಸಬೇಕು ಅಂತ ಆಸೆ. ಎರಡು ಸಲ ಮಾಡಿ ನೋಡಿದೆ. ಬಿಸ್ಕತ್ತಿನಷ್ಟೇ ಎತ್ತರ, ಒಳಗೆ ರಬ್ಬರ್. ಕೆಲವು ವಾಲಿಕೊಂಡಿವೆ.

225 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟು (ಬೇಕಿಂಗ್ ಪೌಡರ್ ಮೊದಲೇ ಬೆರೆಸಿದ ಮೈದಾ), 55 ಗ್ರಾಂ ಬೆಣ್ಣೆ, 25 ಗ್ರಾಂ ಸಕ್ಕರೆ, 150 ಮಿ.ಲೀ. ಹಾಲು. ಹತ್ತು ನಿಮಿಷ ಚೆನ್ನಾಗಿ ನಾದಿ, ತೆಳ್ಳಗೆ ಲಟ್ಟಿಸಿ, ಲೋಟದಿಂದ ಕತ್ತರಿಸಿದೆ. ಓವನ್ 220 ಡಿಗ್ರಿ, 12 ನಿಮಿಷ.

ಉತ್ತರ:
ಅಳತೆ, ಓವನ್ ಎರಡೂ ಸರಿಯಾಗಿವೆ. ತಪ್ಪಿರುವುದು ಆ ಹತ್ತು ನಿಮಿಷದಲ್ಲಿ. ನಮ್ಮ ಕೈಗೆ ಚಪಾತಿ ಹಿಟ್ಟು ನಾದಿ ಅಭ್ಯಾಸ, ಅಲ್ವಾ? ನಾದಿದಷ್ಟೂ ಗ್ಲುಟೆನ್, ಅಂದರೆ ಹಿಟ್ಟಿನ ಅಂಟು, ಬಿಗಿಯಾಗುತ್ತದೆ. ಚಪಾತಿಗೆ ಅದು ಬೇಕು, ಸ್ಕೋನ್‌ಗೆ ಬೇಡವೇ ಬೇಡ.

ಫ್ರಿಜ್‌ನಿಂದ ಆಗಷ್ಟೇ ತೆಗೆದ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಹಿಟ್ಟಿಗೆ ಉಜ್ಜಿ, ರವೆ ಹಾಗೆ ತರಿತರಿ ಮಾಡಿ. ಸಕ್ಕರೆ ಬೆರೆಸಿ, ಹಾಲು ಹಾಕಿ, ಚಾಕುವಿನಲ್ಲಿ ಕಲಸಿ. ಮುದ್ದೆಯಾದ ಕೂಡಲೇ ಕೈ ತೆಗೆಯಿರಿ. ಸ್ವಲ್ಪ ಒರಟಾಗಿದ್ದರೂ ಪರವಾಗಿಲ್ಲ. ಲಟ್ಟಣಿಗೆ ಬೇಡ, ಅಂಗೈಯಲ್ಲೇ ತಟ್ಟಿ. ಎರಡೂವರೆ ಸೆಂಟಿಮೀಟರ್ ದಪ್ಪ ಇರಲೇಬೇಕು, ತೆಳ್ಳಗಿದ್ದರೆ ಎಷ್ಟು ಅಂತ ಉಬ್ಬೀತು?

ವಾಲುವುದಕ್ಕೆ ಲೋಟ ಕಾರಣ ಇರಬಹುದು. ಅದರ ಅಂಚು ಮೊಂಡು, ಹಿಟ್ಟಿನ ಬದಿಯನ್ನು ಒತ್ತಿ ಮುಚ್ಚಿಬಿಡುತ್ತದೆ. ಚೂಪಾದ ಕಟರ್ ತಗೊಳ್ಳಿ. ಒಣ ಹಿಟ್ಟಿನಲ್ಲಿ ಅದ್ದಿ ನೇರ ಒತ್ತಿ, ನೇರ ಎತ್ತಿ. ತಿರುಗಿಸಬೇಡಿ. ಮೇಲೆ ಮೊಟ್ಟೆ ಸವರುವುದಾದರೆ ಬದಿಗೆ ಇಳಿಯದಂತೆ ನೋಡಿಕೊಳ್ಳಿ, ಇಳಿದ ಕಡೆ ಅಂಟಿಕೊಂಡು ಮೇಲೇಳುವುದಿಲ್ಲ. ಸೆಲ್ಫ್ ರೈಸಿಂಗ್ ಹಿಟ್ಟಿನ ತಾರೀಖನ್ನೂ ನೋಡಿ. ಅದರಲ್ಲಿರುವ ಬೇಕಿಂಗ್ ಪೌಡರ್ ಹಳೆಯದಾದರೆ ಸತ್ವ ಹೋಗಿರುತ್ತದೆ.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿಯೇ ಮಾಡಿದೆ. ಎದ್ದು ನಿಂತವು! ನಡುವೆ ತಾನಾಗಿ ಬಿರುಕು ಬಿಟ್ಟಿದೆ, ಕೈಯಲ್ಲೇ ಎರಡು ಹೋಳಾಗುತ್ತದೆ. ತುಂಬಾ ಥ್ಯಾಂಕ್ಸ್. ಇನ್ನೊಂದು ಮಾತು, ಸ್ಕೋನ್‌ಗೆ ಹಚ್ಚುವಾಗ ಜಾಮ್ ಮೊದಲೋ ಕ್ಲಾಟೆಡ್ ಕ್ರೀಮ್ (ಗಟ್ಟಿ ಕೆನೆ) ಮೊದಲೋ?

ಉತ್ತರ:
ಡೆವನ್‌ನಲ್ಲಿ ಕ್ರೀಮ್ ಮೊದಲು, ಅದರ ಮೇಲೆ ಸ್ಟ್ರಾಬೆರಿ ಜಾಮ್. ಪಕ್ಕದ ಕಾರ್ನ್‌ವಾಲ್‌ನವರದ್ದು ಉಲ್ಟಾ. ನೀವು ಎರಡನ್ನೂ ಬಟ್ಟಲಲ್ಲಿಟ್ಟು ಚಮಚ ಕೊಡಿ, ಅವರೇ ಹಚ್ಚಿಕೊಳ್ಳಲಿ. ಸ್ಕೋನ್ ಮಾತ್ರ ಅವರು ಬರುವ ಅರ್ಧ ಗಂಟೆ ಮುಂಚೆ ಓವನ್‌ಗೆ ಇಡಿ. ಬೆಳಿಗ್ಗೆ ಮಾಡಿಟ್ಟರೆ ಸಂಜೆಗೆ ಆ ರುಚಿ ಇರುವುದಿಲ್ಲ.