‘ನಿರೀಕ್ಷಣಶೀಲ’ ಎಂಬ ವಿಶೇಷಣದ ಅರ್ಥ ಮತ್ತು ಬಳಕೆ

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಕನ್ನಡ ಅಧ್ಯಾಪಿಕೆ

ಪಕ್ಷಿತಜ್ಞ ಸಲೀಂ ಅಲಿಯವರ ಕುರಿತು ಪ್ರಬಂಧ ಬರೆದ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು, 1933ರಲ್ಲಿ ಅವರು ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳಲ್ಲಿ ನಡೆಸಿದ ಪಕ್ಷಿ ಸಮೀಕ್ಷೆಯನ್ನು ಚೆನ್ನಾಗಿ ವಿವರಿಸಿ, ‘ಅವರು ನಿರೀಕ್ಷಣಶೀಲ ವಿಜ್ಞಾನಿಯಾಗಿದ್ದರು’ ಎಂದು ಬರೆದಿದ್ದಾಳೆ. ಸುತ್ತಲಿನದನ್ನು ಕಣ್ಣಿಟ್ಟು ನೋಡುವವರು ಎಂಬುದು ಅವಳ ಅಭಿಪ್ರಾಯ. ಆದರೆ ಮೈಸೂರಿನ ಓದುಗರು ಇದನ್ನು, ಏನನ್ನೋ ಸದಾ ಕಾಯುತ್ತಿರುವವರು ಎಂದು ಅರ್ಥ ಮಾಡಿಕೊಳ್ಳಬಹುದಲ್ಲವೇ? ಮಲಯಾಳದ ‘ನಿರೀಕ್ಷಣಂ’ ನಮ್ಮ ಮಕ್ಕಳ ಕನ್ನಡದೊಳಗೆ ಬಂದಿದೆಯೆಂದು ನನಗನಿಸುತ್ತದೆ. ಇದನ್ನು ತಪ್ಪೆಂದು ಗುರುತಿಸಬೇಕೇ? ಹಾಗಾದರೆ ಯಾವ ವಿಶೇಷಣವನ್ನು ಸೂಚಿಸಲಿ?

ಉತ್ತರ: ಬದಿಯಡ್ಕದ ನಿವೃತ್ತ ಅಧ್ಯಾಪಕ

ಟೀಚರೇ, ಕೆಂಪು ಗೆರೆ ಎಳೆಯುವ ಮೊದಲು ಶಬ್ದದ ಮೂಲವನ್ನು ನೋಡೋಣ. ‘ಈಕ್ಷ್’ ಧಾತುವಿಗೆ ನೋಡು ಎಂದೇ ಅರ್ಥ. ಪರೀಕ್ಷೆ, ಸಮೀಕ್ಷೆ, ವೀಕ್ಷಣೆ, ಪ್ರೇಕ್ಷಕ, ಕೊನೆಗೆ ಉಪೇಕ್ಷೆ ಕೂಡ ಅದರಿಂದಲೇ ಹುಟ್ಟಿದವು. ನೋಡುವ ಶಬ್ದ ಕಾಯುವ ಅರ್ಥಕ್ಕೆ ತಿರುಗಿದ್ದು ಅಚ್ಚರಿಯೇನಲ್ಲ, ಏಕೆಂದರೆ ನಮ್ಮ ‘ಎದುರುನೋಡು’, ‘ದಾರಿ ನೋಡು’ ಎಂಬ ಮಾತುಗಳೂ ಅದೇ ಹಾದಿಯಲ್ಲಿ ಸಾಗಿವೆ. ತೆಲುಗಿನ ‘ನಿರೀಕ್ಷಣ’ವೂ ಕಾಯುವುದೇ. ಮಲಯಾಳ ಮತ್ತು ಹಿಂದಿ ಹಳೆಯ ಅರ್ಥವನ್ನು ಉಳಿಸಿಕೊಂಡಿವೆ. ಕನ್ನಡದಲ್ಲಿಯೂ ಅದು ಪೂರ್ತಿ ಅಳಿದಿಲ್ಲ: ಕಂದಾಯ ನಿರೀಕ್ಷಕರು ಜಮೀನನ್ನು ನೋಡಿ ಪರಿಶೀಲಿಸುವವರೇ ಹೊರತು ಯಾರನ್ನೋ ಕಾದು ಕುಳಿತವರಲ್ಲ. ಅತ್ತ ನ್ಯಾಯಾಲಯದ ‘ನಿರೀಕ್ಷಣಾ ಜಾಮೀನು’, ಬಂಧನ ಆಗಬಹುದೆಂದು ಮೊದಲೇ ಊಹಿಸಿ ಕೇಳುವಂಥದ್ದು. ಹೀಗೆ ಎರಡು ಅರ್ಥಗಳೂ ಸಲ್ಲುತ್ತಿರುವಾಗ ವಿದ್ಯಾರ್ಥಿನಿಯ ಪ್ರಯೋಗವನ್ನು ಅಶುದ್ಧವೆನ್ನಲಾಗದು.

ಉತ್ತರ: ಮಂಜೇಶ್ವರದ ಅನುವಾದಕಿ

ಮಾಸ್ಟ್ರು ಹೇಳಿದ ವ್ಯುತ್ಪತ್ತಿ ಸರಿಯಾಗಿಯೇ ಇದೆ, ಆದರೆ ತೀರ್ಮಾನವನ್ನು ನಾನು ಒಪ್ಪಲಾರೆ. ಓದುಗರು ಧಾತುವನ್ನು ಬಿಡಿಸಿ ಓದುವುದಿಲ್ಲ. ‘ಅನಿರೀಕ್ಷಿತ’ ಎಂಬ ನಿಷೇಧ ರೂಪವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಅದಕ್ಕೆ ಎಣಿಸಿರದ ಎಂಬುದೇ ಅರ್ಥ, ಯಾರೂ ಗಮನಿಸದ ಎಂದಲ್ಲ, ಮತ್ತು ಅದೇ ಭಾವಕ್ಕೆ ಮಲಯಾಳವು ‘ಅಪ್ರತೀಕ್ಷಿತಂ’ ಎಂಬ ಬೇರೆಯೇ ಶಬ್ದವನ್ನು ಇಟ್ಟುಕೊಂಡಿದೆ. ನಿರೀಕ್ಷಕ ಎಂಬುದು ಹುದ್ದೆಯ ಹೆಸರಾಗಿ ಗಟ್ಟಿಯಾದ ಶಬ್ದ. ಅದರ ಬಲದಿಂದ ಹೊಸ ವಿಶೇಷಣವನ್ನು ಕಟ್ಟಿದರೆ ಗಡಿಯಾಚೆಯ ಕನ್ನಡಿಗರಿಗೆ ತಿಳಿಯದು. ಆಸ್ಪತ್ರೆಯ ಸುದ್ದಿಯನ್ನು ಮಲಯಾಳದಿಂದ ತರುವಾಗ ‘ರೋಗಿ ನಿರೀಕ್ಷಣೆಯಲ್ಲಿದ್ದಾರೆ’ ಎಂದು ಬರೆದರೆ, ರೋಗಿಯೇ ಏನನ್ನೋ ಕಾಯುತ್ತಿದ್ದಾರೆಂದಾಗುತ್ತದೆ; ಅಲ್ಲಿ ‘ನಿಗಾದಲ್ಲಿದ್ದಾರೆ’ ಎನ್ನಲೇಬೇಕು.

ಬದಲಿ ಪದಗಳನ್ನು ಆರಿಸುವಾಗಲೂ ಎಚ್ಚರ ಬೇಕು. ‘ಗಮನಶೀಲ’ ಎಂದರೆ ಮನಸ್ಸಿಟ್ಟು ಕೇಳುವವರಿಗೂ ನೋಡುವವರಿಗೂ ಸಲ್ಲುತ್ತದೆ, ಪಾಠ ಕೇಳುವ ಮಗುವಿಗೆ ಅದು ಚೆನ್ನಾಗಿ ಹೊಂದುತ್ತದೆ. ‘ಜಾಗರೂಕ’ದಲ್ಲಿ ಅಪಾಯದ ಶಂಕೆಯಿದೆ. ‘ಸೂಕ್ಷ್ಮ ಸ್ವಭಾವದ’ ಎಂದರೆ ಬೇಗ ನೊಂದುಕೊಳ್ಳುವವರೆಂದಾಗುತ್ತದೆ, ಆದ್ದರಿಂದ ಸಲೀಂ ಅಲಿಯವರಿಗೆ ಅದು ಬೇಡ. ಇತರರ ಕಣ್ಣು ತಪ್ಪಿಸಿಕೊಳ್ಳುವ ಚಿಕ್ಕ ವ್ಯತ್ಯಾಸವನ್ನೂ ಗುರುತಿಸಿ ಅದರ ಅರ್ಥವನ್ನು ಗ್ರಹಿಸುವವರಿಗೆ ‘ಸೂಕ್ಷ್ಮಗ್ರಾಹಿ’ ಅಥವಾ ‘ಸೂಕ್ಷ್ಮದರ್ಶಿ’ ಒಪ್ಪುತ್ತದೆ.

ಉತ್ತರ: ಮುಳ್ಳೇರಿಯದ ವಿಜ್ಞಾನ ಅಧ್ಯಾಪಕ

‘ಸೂಕ್ಷ್ಮದರ್ಶಿ’ ಎಂದೊಡನೆ ನಮ್ಮ ಮಕ್ಕಳಿಗೆ ಪ್ರಯೋಗಾಲಯದ ಸೂಕ್ಷ್ಮದರ್ಶಕ ನೆನಪಾಗುತ್ತದೆ; ಹಾಗಾಗಿ ನಾನು ‘ಸೂಕ್ಷ್ಮಗ್ರಾಹಿ’ಯ ಪರವಾಗಿದ್ದೇನೆ. ಅದಕ್ಕಿಂತಲೂ ಉತ್ತಮವಾದದ್ದು ಕ್ರಿಯಾಪದದಿಂದಲೇ ವಿಶೇಷಣ ಮಾಡುವ ಕನ್ನಡದ ಸಹಜ ಕ್ರಮ: ‘ಹಕ್ಕಿಗಳ ಚಲನವಲನ, ಗೂಡು, ಆಹಾರಗಳನ್ನು ತಾಳ್ಮೆಯಿಂದ ಗಮನಿಸುತ್ತಿದ್ದ ವಿಜ್ಞಾನಿ’. ಯಾವುದನ್ನು, ಹೇಗೆ ಗಮನಿಸಿದರೆಂಬುದು ಇದರಲ್ಲಿ ಬಂದೇ ಬರುತ್ತದೆ.

ಉತ್ತರ: ಬದಿಯಡ್ಕದ ನಿವೃತ್ತ ಅಧ್ಯಾಪಕ

‘ಗಮನಿಸುತ್ತಿದ್ದ’ ಎಂಬುದು ಈ ವಾಕ್ಯಕ್ಕೆ ಸರಿಯಾಗಿ ಹೊಂದುತ್ತದೆ. ಆದರೂ ಟೀಚರೇ, ಅಂಕ ಕಡಿಯಬೇಡಿ. ಮಲಯಾಳದಲ್ಲಿ ಈ ಶಬ್ದ ನೋಡುವುದೆಂದೂ ಕನ್ನಡದಲ್ಲಿ ಹೆಚ್ಚಾಗಿ ಕಾಯುವುದೆಂದೂ ಬಳಕೆಯಲ್ಲಿದೆಯೆಂದು ಅವಳಿಗೆ ತಿಳಿಸಿ, ವಾಕ್ಯವನ್ನು ಅವಳ ಕೈಯಿಂದಲೇ ತಿದ್ದಿಸಿ.